ಹವಾಯಿ ಬಿಗ್ ಐಲ್ಯಾಂಡ್, 6 ರಾತ್ರಿ: ಲಾವಾ ನೋಡಬೇಕೆಂದರೆ ಯೋಜನೆ ಹೇಗಿರಬೇಕು?

ತುಂಗಾತೀರ

ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಹವಾಯಿಯ ಬಿಗ್ ಐಲ್ಯಾಂಡಿಗೆ 6 ರಾತ್ರಿಯ ಪ್ರವಾಸ. ನಾಲ್ವರು ದೊಡ್ಡವರು, 9 ವರ್ಷದ ಒಂದು ಮಗು. ಹಿರಿಯರೊಬ್ಬರಿಗೆ ಆಸ್ತಮಾ ಇದೆ. ಎಲ್ಲರೂ ಸಸ್ಯಾಹಾರಿಗಳು. ಸದ್ಯಕ್ಕೆ ಹಾಕಿಕೊಂಡ ಲೆಕ್ಕ ಹೀಗಿದೆ: 6 ರಾತ್ರಿಯೂ ಪಶ್ಚಿಮ ತೀರದ ಕೋನಾದಲ್ಲೇ ವಾಸ. ಒಂದು ದಿನ ಬೆಳಗ್ಗೆ ಹೊರಟು ಜ್ವಾಲಾಮುಖಿ ಪಾರ್ಕ್ ನೋಡಿ ರಾತ್ರಿ ವಾಪಸ್. ಒಂದು ದಿನ ಮೌನಾ ಕೆಯಾ ಶಿಖರ. ಒಂದು ದಿನ ಹಸಿರು ಮರಳಿನ ಬೀಚ್ ಮತ್ತು ವಾಯ್‌ಪಿಯೋ ಕಣಿವೆ. ಉಳಿದದ್ದು ಸ್ನಾರ್ಕೆಲಿಂಗ್. ಕಿಲಾವೆಯಾ ಜ್ವಾಲಾಮುಖಿಯ ಲಾವಾ ಚಿಲುಮೆಯನ್ನು ಹೇಗಾದರೂ ನೋಡಲೇಬೇಕು. ಇದರಲ್ಲಿ ಎಲ್ಲೆಲ್ಲಿ ಎಡವಟ್ಟಿದೆ, ದಯವಿಟ್ಟು ತಿದ್ದಿ.

ಕಪ್ಪುಕಲ್ಲು

ದೊಡ್ಡ ಎಡವಟ್ಟು ಒಂದೇ: ಜ್ವಾಲಾಮುಖಿಗೆ ಒಂದೇ ದಿನ ಕೊಟ್ಟು, ಆ ದಿನ ಯಾವುದು ಅಂತ ಈಗಲೇ ನಿಗದಿ ಮಾಡಿರುವುದು.

ಕಿಲಾವೆಯಾದ ಈಗಿನ ಸ್ಫೋಟ ಶುರುವಾದದ್ದು 2024ರ ಡಿಸೆಂಬರ್ 23ರಂದು. ಅದು ದಿನವೂ ಲಾವಾ ಹರಿಸುವ ಸ್ಫೋಟವಲ್ಲ, ಕಂತುಕಂತಾಗಿ ಬರುವಂಥದ್ದು. ಒಂದು ಕಂತು ಶುರುವಾದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ, ಕೆಲವು ಸಲ ಹತ್ತು ಗಂಟೆಯೂ ಇರುವುದಿಲ್ಲ. ಆಮೇಲೆ ಕೆಲವು ದಿನಗಳಿಂದ ಹಿಡಿದು ವಾರಗಳವರೆಗೆ ವಿರಾಮ. 2025ರ ಕೊನೆಯ ಹೊತ್ತಿಗೆ ಇಂಥ 35ಕ್ಕೂ ಹೆಚ್ಚು ಕಂತುಗಳು ಆಗಿಹೋಗಿದ್ದವು. ಕೆಲವು ಕಂತುಗಳಲ್ಲಿ ಚಿಲುಮೆ 300 ಮೀಟರ್ ದಾಟಿ ಹಾರಿದೆ. ಅಂದರೆ ನೀವು ಹೋದ ದಿನ ಅದು ಆಕಾಶಕ್ಕೆ ಹಾರುತ್ತಿರಬಹುದು, ಇಲ್ಲವೇ ಬೂದು ಬಣ್ಣದ ದೊಡ್ಡ ಗುಂಡಿಯಿಂದ ಬರೀ ಹೊಗೆ ಏಳುತ್ತಿರಬಹುದು.

ಆದರೆ ಪೂರ್ತಿ ಲಾಟರಿಯೂ ಅಲ್ಲ. ಕೆಳಗಿನ ಶಿಲಾರಸದ ಕೋಣೆ ತುಂಬುತ್ತಾ ಬಂದ ಹಾಗೆ ಶಿಖರದ ನೆಲ ಉಬ್ಬುತ್ತದೆ. ಚಿಲುಮೆ ಹಾರಿ ಮುಗಿದಾಗ ಕುಗ್ಗುತ್ತದೆ. ಕುಳಿಯ ಅಂಚಿನ ಉಏಕಹುನಾದಲ್ಲಿರುವ ಟಿಲ್ಟ್‌ಮೀಟರ್ ಈ ಓರೆಯನ್ನು ಮೈಕ್ರೋರೇಡಿಯನ್ (ಕೋನದ ಅತಿ ಸಣ್ಣ ಅಳತೆ) ಲೆಕ್ಕದಲ್ಲಿ ಅಳೆಯುತ್ತದೆ. ಹಿಂದಿನ ಕಂತಿನಲ್ಲಿ ಎಷ್ಟು ಇಳಿದಿತ್ತೋ ಹೆಚ್ಚುಕಡಿಮೆ ಅಷ್ಟೇ ಮತ್ತೆ ಏರಿತು ಅಂದರೆ ಮುಂದಿನದು ಹತ್ತಿರ ಬಂತು ಅಂತ ಅರ್ಥ. ಅದಕ್ಕೆ ಮುಂಚೆ ಲಾವಾ ಹಾರುವ ಬಾಯಿಯೊಳಗೆ ಲಾವಾ ಏರಿಳಿಯುತ್ತದೆ, ಆಗಾಗ ಸ್ವಲ್ಪ ಉಕ್ಕಿ ಹರಿದು ಮತ್ತೆ ಒಳಗೆ ಇಳಿಯುತ್ತದೆ. ಹವಾಯಿ ಜ್ವಾಲಾಮುಖಿ ವೀಕ್ಷಣಾಲಯದವರು ಪ್ರತಿದಿನ ವರದಿ ಹಾಕುತ್ತಾರೆ, ಅದರಲ್ಲಿ ಮುಂದಿನ ಕಂತು ಯಾವ ದಿನಗಳ ನಡುವೆ ಆಗಬಹುದು ಎಂಬ ಅಂದಾಜೂ ಇರುತ್ತದೆ. ಅಮೆರಿಕದ ಭೂಗರ್ಭ ಸರ್ವೆ ಸಂಸ್ಥೆ ಯುಎಸ್‌ಜಿಎಸ್‌ನ ಯೂಟ್ಯೂಬ್ ನೇರಪ್ರಸಾರವೂ ಇದೆ. ಹೊರಡುವ ವಾರದಿಂದ ದಿನಾ ಬೆಳಗ್ಗೆ ಇವೆರಡನ್ನೂ ನೋಡಿ. ಪ್ರವಾಸದ ಉಳಿದ ದಿನಗಳನ್ನು ಅದಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವಷ್ಟು ಸಡಿಲ ಇಟ್ಟುಕೊಳ್ಳಿ. ಹಣ ಕಟ್ಟಿ ಕಾಯ್ದಿರಿಸುವಂಥದ್ದು (ಮಾಂಟಾ ರೇ ಮೀನು ನೋಡುವುದು, ದೋಣಿ) ಇದ್ದರೆ ರದ್ದು ಮಾಡಲು ಬರುವಂಥದ್ದನ್ನೇ ಹಿಡಿಯಿರಿ.

ಇನ್ನೊಂದು ಮಾತು. ಜ್ವಾಲಾಮುಖಿ ತನ್ನ ವರಸೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮೇ ಹೊತ್ತಿಗೆ ಈ ಸರಣಿ ನಿಂತಿದ್ದರೂ ಆಶ್ಚರ್ಯಪಡಬೇಡಿ. ಚಿಲುಮೆ ಇಲ್ಲದಿದ್ದರೂ ಪಾರ್ಕಿಗೆ ಎರಡು ದಿನ ಬೇಕು.

ಹಿಲೋ_ಮಳೆ

6 ರಾತ್ರಿಯೂ ಕೋನಾದಲ್ಲೇ ಇರುವುದು ಬೇಡ ಸರ್. ಕೋನಾದಿಂದ ಪಾರ್ಕಿಗೆ ಹೆದ್ದಾರಿ 11ರಲ್ಲಿ ಸುಮಾರು 155 ಕಿ.ಮೀ., ಒಂದು ಕಡೆಗೇ ಎರಡರಿಂದ ಎರಡೂವರೆ ಗಂಟೆ. ಹೋಗಲು ಒಂದು, ಬರಲು ಒಂದು ಲೇನ್, ತಿರುವುಗಳು, ರಾತ್ರಿ ಬಹುತೇಕ ಕಡೆ ದೀಪ ಇಲ್ಲ. ಲಾವಾ ನೋಡಲು ಚೆಂದ ಇರುವುದು ಕತ್ತಲಾದ ಮೇಲೆ. ಆ ಹೊತ್ತಿಗೆ ಚಾಲಕರಿಗೆ ಸುಸ್ತು, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುತ್ತದೆ. ಚಿಲುಮೆ ಬೆಳಗಿನ ಜಾವ ಮೂರಕ್ಕೆ ಶುರುವಾದರೆ ಕೋನಾದಲ್ಲಿ ಮಲಗಿದವರು ಬಂದು ತಲುಪುವಷ್ಟರಲ್ಲಿ ಬೆಳಕು ಹರಿದಿರುತ್ತದೆ.

ಮೊದಲ 3 ರಾತ್ರಿ ವೊಲ್ಕೇನೋ ಹಳ್ಳಿಯಲ್ಲಿ (ಪಾರ್ಕ್ ಗೇಟಿಂದ ಕೆಲವೇ ನಿಮಿಷ) ಅಥವಾ ಪೂರ್ವ ತೀರದ ಹಿಲೋದಲ್ಲಿ (48 ಕಿ.ಮೀ., ಮುಕ್ಕಾಲು ಗಂಟೆ) ಇರಿ. ಕೊನೆಯ 3 ರಾತ್ರಿ ಕೋನಾ ಕಡೆ. ಇಳಿಯುವುದು ಹಿಲೋ, ಹತ್ತುವುದು ಕೋನಾ ವಿಮಾನ ನಿಲ್ದಾಣ ಆದರೆ ಇನ್ನೂ ಒಳ್ಳೆಯದು. ಆದರೆ ಒಂದು ಕಡೆ ಕಾರು ತೆಗೆದುಕೊಂಡು ಇನ್ನೊಂದು ಕಡೆ ಬಿಟ್ಟರೆ ಬಾಡಿಗೆ ಕಂಪನಿಗಳು ಹೆಚ್ಚುವರಿ ಶುಲ್ಕ ಹಾಕುತ್ತವೆ, ಬುಕ್ ಮಾಡುವ ಮೊದಲೇ ಹೋಲಿಸಿ ನೋಡಿ.

ಹವಾಮಾನ: ಈಶಾನ್ಯದ ವಾಣಿಜ್ಯ ಮಾರುತ ಬೆಟ್ಟಕ್ಕೆ ಬಡಿದು ಹಿಲೋ ಕಡೆ ಮಳೆ ಸುರಿಸುತ್ತದೆ, ವರ್ಷಕ್ಕೆ 3,000 ಮಿ.ಮೀ.ಗೂ ಮೇಲೆ. ಆಚೆ ಕಡೆಯ ಕವಾಯ್‌ಹೇ ತೀರದಲ್ಲಿ 250 ಮಿ.ಮೀ. ಆಸುಪಾಸು. ಆಗುಂಬೆಯನ್ನೂ ಚಳ್ಳಕೆರೆಯನ್ನೂ ಎರಡು ಗಂಟೆಯ ಕಾರಿನ ದಾರಿಯಲ್ಲಿ ಇಟ್ಟ ಹಾಗೆ. ಪಾರ್ಕಿನ ಶಿಖರ ಭಾಗ 1,200 ಮೀಟರ್ ಎತ್ತರದಲ್ಲಿದೆ, ರಾತ್ರಿ ಗಾಳಿ, ಜಡಿಮಳೆ, ಚಳಿ. ಬೀಚಿಗೆಂದು ತಂದ ಬಟ್ಟೆ ಅಲ್ಲಿ ಸಾಲದು. ಸ್ವೆಟರ್, ಮಳೆಯಂಗಿ, ಮುಚ್ಚಿದ ಶೂ ಬೇಕೇಬೇಕು.

ಸುಮ್ನೆ_ಬಂದೆ

ಒಂದೇ ದಿನದಲ್ಲಿ ಪಾರ್ಕ್ ಮುಗಿಸಬಹುದು ಕಣ್ರೀ. ಮೂರ್ನಾಲ್ಕು ವ್ಯೂಪಾಯಿಂಟ್ ಅಷ್ಟೇ ಇರೋದು. ಸುಮ್ನೆ ಯಾಕೆ ಹೆದರಿಸ್ತೀರಾ?

ಕಪ್ಪುಕಲ್ಲು

ವ್ಯೂಪಾಯಿಂಟ್ ಎಣಿಸಲು ಹೋಗುವವರಿಗೆ ಅರ್ಧ ದಿನವೇ ಸಾಕು. ಟಿಕೆಟ್ಟೇ (ವಾಹನಕ್ಕೆ 30 ಡಾಲರ್) 7 ದಿನ ನಡೆಯುತ್ತದೆ, ಪಾರ್ಕ್ ದಿನದ 24 ಗಂಟೆಯೂ ತೆರೆದಿರುತ್ತದೆ. ರಸೀದಿ ಇಟ್ಟುಕೊಂಡು ಎಷ್ಟು ಸಲ ಬೇಕಾದರೂ ಒಳಗೆ ಹೋಗಿ.

ನನ್ನ ಮಟ್ಟಿಗೆ ಪಾರ್ಕಿನಲ್ಲಿ ಒಂದೇ ಒಂದು ನಡಿಗೆ ಮಾಡುವುದಾದರೆ ಕಿಲಾವೆಯಾ ಇಕಿ ಕುಳಿ. ಸುತ್ತು 5.3 ಕಿ.ಮೀ., ಇಳಿತ 120 ಮೀಟರ್, ನಿಧಾನವಾಗಿ ನಡೆದರೆ 3 ಗಂಟೆ. ಕಿಲಾವೆಯಾ ಇಕಿ ವೀಕ್ಷಣಾ ತಾಣದ ಪಾರ್ಕಿಂಗಿನಲ್ಲಿ ಕಾರು ಬಿಟ್ಟು ಗಡಿಯಾರದ ವಿರುದ್ಧ ದಿಕ್ಕಿಗೆ ಹೊರಡಿ. ಮೊದಲು ಅಂಚಿನ ಮೇಲೆ ಓಹಿಯಾ ಮರಗಳ, ಮರಜರಿಗಿಡಗಳ ಕಾಡು. ಪಶ್ಚಿಮ ತುದಿಯಲ್ಲಿ ಕಲ್ಲುಮೆಟ್ಟಿಲು ಇಳಿದರೆ ಕುಳಿಯ ತಳ. 1959ರ ನವೆಂಬರ್ 14ರಿಂದ ಡಿಸೆಂಬರ್ 20ರವರೆಗೆ ಇಲ್ಲಿ 17 ಕಂತುಗಳಲ್ಲಿ ಲಾವಾ ಹಾರಿತ್ತು, ಅತಿ ಎತ್ತರದ್ದು 580 ಮೀಟರ್. ಕೆಳಗೆ ನಿಂತ ಲಾವಾ ಕೆರೆ ಪೂರ್ತಿ ಗಟ್ಟಿಯಾಗಲು 1990ರ ದಶಕದವರೆಗೆ ಹಿಡಿಯಿತು. ನೀವು ನಡೆಯುವುದು ಆ ಕೆರೆಯ ಮೇಲ್ಪದರದ ಮೇಲೆ. ಗಟ್ಟಿ ಲಾವಾದ ಚಪ್ಪಡಿಗಳು ಒಂದಕ್ಕೊಂದು ಒತ್ತಿ ಎದ್ದು ನಿಂತಿವೆ; ಬಿರುಕಿನ ಅಂಚಿನಲ್ಲಿ ಬಾಗಿ ನೋಡಿದರೆ ಕಲ್ಲಿನೊಳಗೆ ಗುಳ್ಳೆಯ ತೂತುಗಳು, ಹಸಿರು ಓಲಿವೀನ್ ಹರಳಿನ ಚುಕ್ಕೆಗಳು, ಬಿರುಕಿನಲ್ಲೇ ಬೇರು ಬಿಟ್ಟ ಕೆಂಪು ಹೂವಿನ ಪುಟ್ಟ ಓಹಿಯಾ ಗಿಡ. ಅಲ್ಲಲ್ಲಿ ಏಳುವ ಹಬೆ ಮಳೆನೀರಿನದು: ಕೆಳಗಿಳಿದ ನೀರು ಇನ್ನೂ ಬಿಸಿಯಿರುವ ಕಲ್ಲಿಗೆ ತಗಲಿ ಮೇಲೆ ಬರುತ್ತದೆ. ಕೈ ಇಡಬೇಡಿ, ಸುಡುತ್ತದೆ.

ತಳದಲ್ಲಿ ದಾರಿ ತೋರಿಸುವುದು ಕಲ್ಲಿನ ಚಿಕ್ಕ ಗುಪ್ಪೆಗಳು, ಅಲ್ಲಿ ಅದಕ್ಕೆ ಅಹು ಅನ್ನುತ್ತಾರೆ. ಮಂಜು ಕವಿದಾಗ ಅವೇ ಗತಿ. ಫೋಟೋಗೆಂದು ಹೊಸ ಗುಪ್ಪೆ ಕಟ್ಟಬೇಡಿ, ಹಿಂದೆ ಬರುವವರ ದಾರಿ ತಪ್ಪುತ್ತದೆ. ನೆರಳಿಲ್ಲ, ನೀರಿಲ್ಲ, ಒಬ್ಬರಿಗೆ ಕನಿಷ್ಠ ಒಂದು ಲೀಟರ್. ಬೆಳಗ್ಗೆ 8ರೊಳಗೆ ಶುರು ಮಾಡಿದರೆ ಪಾರ್ಕಿಂಗೂ ಸಿಗುತ್ತದೆ, ಬಿಸಿಲೂ ಕಡಿಮೆ. ಪೂರ್ವ ತುದಿಯಲ್ಲಿ ಹತ್ತಿ ಬಂದರೆ ನಾಹುಕು ಲಾವಾ ಸುರಂಗ ಅಲ್ಲೇ ಪಕ್ಕ. ಅದು ಸುಮಾರು 500 ವರ್ಷದ್ದು. ಹತ್ತು ಗಂಟೆಯಿಂದ ಸಂಜೆ ನಾಲ್ಕರವರೆಗೆ ಅಲ್ಲಿ ಜನಜಂಗುಳಿ, ಕಾರು ನಿಲ್ಲಿಸಲು ಜಾಗವೇ ಸಿಗುವುದಿಲ್ಲ.

ಚೇನ್ ಆಫ್ ಕ್ರೇಟರ್ಸ್ ರಸ್ತೆ: 30 ಕಿ.ಮೀ.ನಲ್ಲಿ 1,100 ಮೀಟರ್ ಇಳಿದು ಸಮುದ್ರದ ಅಂಚಿಗೆ ಹೋಗುತ್ತದೆ, ಕೊನೆಯಲ್ಲಿ ಹೋಲೆಯ್ ಕಲ್ಲಿನ ಕಮಾನು. ಹೋದ ದಾರಿಯಲ್ಲೇ ವಾಪಸ್. ಪೆಟ್ರೋಲ್ ಇಲ್ಲ, ಕುಡಿಯುವ ನೀರಿಲ್ಲ. ಟ್ಯಾಂಕ್ ಹಿಲೋದಲ್ಲೇ ತುಂಬಿಸಿ. ದಾರಿಯಲ್ಲಿ ಪುಉಲೋವಾ ಎಂಬಲ್ಲಿ ಗಟ್ಟಿಯಾದ ಲಾವಾ ಮೇಲೆ ಕೆತ್ತಿದ 23,000ಕ್ಕೂ ಹೆಚ್ಚು ಶಿಲಾಚಿತ್ರಗಳಿವೆ, ಹೋಗಿಬರಲು ಒಟ್ಟು 2 ಕಿ.ಮೀ. ಸ್ವಲ್ಪ ಮೇಲೆ. ಮರದ ಅಟ್ಟಣೆ ಬಿಟ್ಟು ಇಳಿಯುವಂತಿಲ್ಲ.

ಸುಮ್ನೆ_ಬಂದೆ

ಆಯ್ತಪ್ಪ, ಒಪ್ಕೊಂಡೆ. ಆದ್ರೆ ಲಾವಾ ಹತ್ರ ಕರ್ಕೊಂಡು ಹೋಗೋ ಲೋಕಲ್ ಗೈಡ್‌ಗಳು ಇರ್ತಾರಂತಲ್ಲ? ಕುಳಿ ಅಂಚಿಗೇ ಹೋಗಬಹುದಂತೆ.

ಹಿಲೋ_ಮಳೆ

ಬೇಡ. ಮುಚ್ಚಿದ ಭಾಗಕ್ಕೆ ಹೋಗುವುದು ಕಾನೂನುಬಾಹಿರ, ಅದಕ್ಕಿಂತ ಹೆಚ್ಚಾಗಿ ಅಂಚು ಸಡಿಲ. 2018ರಲ್ಲಿ ಕಿಲಾವೆಯಾ ಶಿಖರದ ನೆಲ ಹಂತಹಂತವಾಗಿ ಕುಸಿದು ಹಲೆಮಾಉಮಾಉ ಕುಳಿ ನೂರಾರು ಮೀಟರ್ ಆಳಕ್ಕೆ ಇಳಿಯಿತು. ಅದೇ ಹೊತ್ತಿಗೆ ಕೆಳಗಿನ ಪುನಾ ಭಾಗದಲ್ಲಿ ಲಾವಾ ಸುಮಾರು 700 ಮನೆಗಳನ್ನು ನುಂಗಿತು. ಉಏಕಹುನಾದಲ್ಲಿದ್ದ ಜ್ಯಾಗರ್ ವಸ್ತುಸಂಗ್ರಹಾಲಯವನ್ನು ಮುಚ್ಚಿದ್ದೂ ಆ ಕಂಪನಗಳ ಹಾನಿಯಿಂದಲೇ. ಹಗ್ಗ ಕಟ್ಟಿದ ಕಡೆ ಹಗ್ಗದಾಚೆ ಹೋಗಬೇಡಿ. ಡ್ರೋನ್ ಕೂಡ ರಾಷ್ಟ್ರೀಯ ಉದ್ಯಾನದಲ್ಲಿ ನಿಷೇಧ.

ಹೋಗಬಹುದಾದ ಜಾಗಗಳಿಂದಲೇ ಚೆನ್ನಾಗಿ ಕಾಣುತ್ತದೆ. ಲಾವಾ ಹಾರುವ ಬಾಯಿಗಳು ಕುಳಿಯ ನೈಋತ್ಯ ಭಾಗದಲ್ಲಿವೆ. ಉತ್ತರದ ಅಂಚಿನಲ್ಲಿ ಉಏಕಹುನಾ, ಕಿಲಾವೆಯಾ ಓವರ್‌ಲುಕ್, ವಹಿನೆಕಪು, ವೊಲ್ಕೇನೋ ಹೌಸ್ ಹೋಟೆಲಿನ ಹಿಂಭಾಗ. ನಡೆಯಲಾಗದವರಿಗೆ ಇವೇ ಸರಿ, ಕಾರಿನಿಂದ ಕೆಲವೇ ಹೆಜ್ಜೆ. ಪೂರ್ವದ ಕಡೆ ಕೆಯಾನಕಾಕೋಯಿ: ಡೆವಾಸ್ಟೇಶನ್ ಟ್ರೇಲ್ ಪಾರ್ಕಿಂಗಿನಿಂದ ಹಳೆಯ ಡಾಂಬರು ರಸ್ತೆಯಲ್ಲಿ ಒಂದು ಕಡೆಗೆ 1.6 ಕಿ.ಮೀ. ನಡಿಗೆ, ಸಪಾಟು. ಕತ್ತಲಲ್ಲಿ ತಲೆಗೆ ಕಟ್ಟುವ ಟಾರ್ಚ್ ಬೇಕು. ಫೋನ್ ಬೆಳಕು ನಂಬಬೇಡಿ.

ಚಿಲುಮೆ ಶುರುವಾದ ಸುದ್ದಿ ಬಂದ ಸಂಜೆ ಪಾರ್ಕಿಂಗ್ ತುಂಬಿ ಕಾರುಗಳ ಸಾಲು ಗೇಟ್ ದಾಟಿ ಹೆದ್ದಾರಿಗೂ ಬರುತ್ತದೆ. ರಾತ್ರಿ 9ರ ನಂತರ ಅಥವಾ ಬೆಳಗಿನ ಜಾವ 4ಕ್ಕೆ ಹೋದರೆ ಆರಾಮ. ವೊಲ್ಕೇನೋ ಹಳ್ಳಿಯಲ್ಲಿ ಮಲಗಿ ಅಂತ ಹೇಳಿದ್ದು ಇದಕ್ಕೇ.

ಡಾಕ್ಟರಮ್ಮ_ಹುಬ್ಬಳ್ಳಿ

ಆಸ್ತಮಾ ವಿಷಯಕ್ಕ ಯಾರೂ ಬರವಲ್ರು, ಅದಕ್ಕ ನಾ ಬರೀಲಿಕ್ಕತ್ತೀನಿ.

ಜ್ವಾಲಾಮುಖಿಯಿಂದ ಹೊರಬರುವ ಸಲ್ಫರ್ ಡೈಆಕ್ಸೈಡ್ ಗಾಳಿಯ ತೇವ, ಬಿಸಿಲು ಸೇರಿ ಸಣ್ಣ ಕಣಗಳ ಮಬ್ಬು ಆಗುತ್ತದೆ. ಅಲ್ಲಿಯವರು ಅದಕ್ಕೆ ವಾಗ್ ಅನ್ನುತ್ತಾರೆ. ವಿರಾಮದ ದಿನಗಳಲ್ಲಿ ಹೊರಬೀಳುವ ಅನಿಲ ಸಾಮಾನ್ಯವಾಗಿ ದಿನಕ್ಕೆ ಒಂದರಿಂದ ಐದು ಸಾವಿರ ಟನ್. ಚಿಲುಮೆ ಹಾರುವಾಗ ದಿನಕ್ಕೆ 50,000 ಟನ್ನಿಗೂ ಮೀರಿದ ದರ. ಅಂದರೆ ನಿಮಗೆ ನೋಡಲು ಅತಿ ಚೆಂದದ ದಿನವೇ ಆಸ್ತಮಾದವರಿಗೆ ಅತಿ ಕೆಟ್ಟ ದಿನ.

ಇಲ್ಲಿ ಬಹಳ ಮಂದಿಗೆ ಗೊತ್ತಿರದ ವಿಷಯ ಒಂದು. ವಾಣಿಜ್ಯ ಮಾರುತ ಈ ಮಬ್ಬನ್ನು ದ್ವೀಪದ ದಕ್ಷಿಣ ತುದಿ ಬಳಸಿ ತಳ್ಳಿಕೊಂಡು ಹೋಗಿ ಕೋನಾ ತೀರದಲ್ಲಿ ನಿಲ್ಲಿಸುತ್ತದೆ. ಹೀಗಾಗಿ ಜ್ವಾಲಾಮುಖಿಯಿಂದ ದೂರದ ಕೋನಾ ಮಂಕಾಗಿದ್ದು, ಹತ್ತಿರದ ಹಿಲೋ ತಿಳಿಯಾಗಿರುವ ದಿನಗಳೇ ಹೆಚ್ಚು. ಗಾಳಿ ದಕ್ಷಿಣದಿಂದ ಬೀಸಿದರೆ ಎಲ್ಲ ಉಲ್ಟಾ: ಮಬ್ಬು, ಬೂದಿ, ಕಲ್ಲಿನ ಚೂರು ಸೀದಾ ವೀಕ್ಷಣಾ ತಾಣಗಳ ಮೇಲೆ, ವೊಲ್ಕೇನೋ ಹಳ್ಳಿಯ ಮೇಲೆ.

ಹಿರಿಯರಿಗೆ: ಪ್ರವಾಸಕ್ಕೆ ಮುಂಚೆ ಅವರ ವೈದ್ಯರ ಹತ್ತಿರ ಮಾತಾಡಿ. ತಡೆಯುವ ಇನ್‌ಹೇಲರ್ ಒಂದು ದಿನವೂ ತಪ್ಪಬಾರದು. ಕೂಡಲೇ ಉಸಿರು ಬಿಡಿಸುವ ಇನ್‌ಹೇಲರ್ ಎರಡು ಇರಲಿ, ಒಂದು ಜೇಬಿನಲ್ಲಿ, ಒಂದು ಇನ್ನೊಬ್ಬರ ಚೀಲದಲ್ಲಿ. ಸೂಟ್‌ಕೇಸಿನಲ್ಲಿ ಹಾಕಿ ಲಗೇಜಿಗೆ ಕಳಿಸಬೇಡಿ. ಎನ್95 ಮಾಸ್ಕ್ ಬೂದಿ ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಮಾಸ್ಕ್ ಇದೆ ಅಂತ ಹೊಗೆಯಲ್ಲಿ ನಿಲ್ಲುವುದು ತಪ್ಪು. ವಾಸನೆ ಬಂದರೆ ಕಾರಿನ ಕಿಟಕಿ ಮುಚ್ಚಿ, ಏ.ಸಿ.ಯನ್ನು ಒಳಗಿನ ಗಾಳಿ ಸುತ್ತುವಂತೆ ಇಟ್ಟು, ಅಲ್ಲಿಂದ ಹೊರಡಿ. ಹಾಕುಲಮನು ಗಂಧಕದ ದಂಡೆ ಮತ್ತು ಹಬೆಕಿಂಡಿಗಳ ಹತ್ತಿರ ಅವರನ್ನು ಕರೆದುಕೊಂಡು ಹೋಗಲೇಬೇಡಿ.

ಚಿಲುಮೆಯ ನಂತರ ನೆಲದ ಮೇಲೆ ಹೊಂಬಣ್ಣದ ಎಳೆಗಳು ಬಿದ್ದಿರುತ್ತವೆ, ಪೆಲೆಯ ಕೂದಲು ಅಂತ ಹೆಸರು (ಪೆಲೆ ಅಂದರೆ ಅಲ್ಲಿಯ ಜ್ವಾಲಾಮುಖಿ ದೇವಿ). ಅದು ಗಾಜಿನ ಎಳೆ. ಮಕ್ಕಳು ಮುಟ್ಟಿದರೆ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ, ಕಣ್ಣು ಉಜ್ಜಿದರೆ ಇನ್ನೂ ಕಷ್ಟ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿಕೊಳ್ಳಿ. ಕಾರಿನ ಗಾಜಿನ ಮೇಲೆ ಬಿದ್ದಿದ್ದರೆ ವೈಪರ್ ಹಾಕುವ ಮೊದಲು ನೀರು ಸುರಿಯಿರಿ, ಇಲ್ಲದಿದ್ದರೆ ಗಾಜಿನ ತುಂಬ ಗೀರು.

ತುಂಗಾತೀರ

ಮೇಡಂ, ತುಂಬಾ ಉಪಕಾರ ಆಯಿತು. ಹಾಗಾದರೆ ಮೌನಾ ಕೆಯಾ ಅವರಿಗೆ ಆಗದು, ಅಲ್ಲವೇ?

ಡಾಕ್ಟರಮ್ಮ_ಹುಬ್ಬಳ್ಳಿ

ಶಿಖರಕ್ಕ ಬ್ಯಾಡ್ರಿ. ಮಗೂಗೂ ಬ್ಯಾಡ. 13 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹೃದಯ ಅಥವಾ ಶ್ವಾಸದ ತೊಂದರೆ ಇರುವವರು ಮೇಲೆ ಹೋಗಬಾರದು ಅಂತ ಅಲ್ಲಿಯವರ ಸೂಚನೆಯೇ ಇದೆ. ಸ್ಕೂಬಾ ಮಾಡಿದವರು 24 ಗಂಟೆ ಹೋಗಬಾರದು. ಸ್ನಾರ್ಕೆಲಿಂಗಿಗೆ ಆ ನಿಯಮ ಇಲ್ಲ.

ಇರುಳುಗಣ್ಣ

ಶಿಖರದ ಎತ್ತರ 4,207 ಮೀಟರ್. ಸಮುದ್ರದ ದಂಡೆಯಿಂದ ಎರಡು ಗಂಟೆಯೊಳಗೆ ಅಲ್ಲಿಗೆ ಏರಬಹುದು ಅನ್ನುವುದೇ ಅಪಾಯ, ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ಮೇಲೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು 60%. 2,800 ಮೀಟರಿನಲ್ಲಿ ಸಂದರ್ಶಕರ ಕೇಂದ್ರ ಇದೆ, ಅಲ್ಲಿ ಕನಿಷ್ಠ ಅರ್ಧ ಗಂಟೆ ಕೂರಬೇಕು. ಅಲ್ಲಿಯವರೆಗೆ ಡಾಂಬರು, ಮಾಮೂಲಿ ಕಾರು ಹೋಗುತ್ತದೆ. ಅದರಾಚೆ ಜಲ್ಲಿ ರಸ್ತೆ, ಫೋರ್‌ವೀಲ್ ಡ್ರೈವ್ ಕಡ್ಡಾಯ, ತಪಾಸಣೆಯೂ ಇದೆ. ಬಹಳಷ್ಟು ಬಾಡಿಗೆ ಕಾರುಗಳ ಕರಾರಿನಲ್ಲಿ ಈ ರಸ್ತೆ ನಿಷಿದ್ಧ. ಅಲ್ಲಿ ಕೆಟ್ಟು ನಿಂತರೆ ಎಳೆದು ತರುವ ಖರ್ಚು ಪೂರ್ತಿ ನಿಮ್ಮದೇ.

ಏರುವಾಗ ಅಲ್ಲ, ಇಳಿಯುವಾಗ ಗಾಡಿಗಳು ಕೆಡುತ್ತವೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಲೋ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಸಂದರ್ಶಕರ ಕೇಂದ್ರದಿಂದ ಕೆಳಗಿನ ಡಾಂಬರು ಇಳಿಜಾರಿಗೂ ಇದೇ ಮಾತು.

ನಿಮ್ಮ ತಂಡಕ್ಕೆ ಸಂದರ್ಶಕರ ಕೇಂದ್ರದಲ್ಲೇ ಸೂರ್ಯಾಸ್ತ, ನಕ್ಷತ್ರ ನೋಡಿ ಇಳಿಯುವುದು ಸರಿ, ಅದೂ ಹಿರಿಯರಿಗೆ ಉಸಿರು ಸಲೀಸಾಗಿದ್ದರೆ ಮಾತ್ರ. ಹೇಗೂ ಸೂರ್ಯ ಮುಳುಗಿದ ಅರ್ಧ ಗಂಟೆಗೆ ಶಿಖರದಿಂದ ಎಲ್ಲ ಪ್ರವಾಸಿಗರನ್ನೂ ಕೆಳಗೆ ಕಳಿಸುತ್ತಾರೆ, ಹಾಗಾಗಿ ನಕ್ಷತ್ರ ನೋಡುವ ಜಾಗ ಕೆಳಗೇ. ಹುಣ್ಣಿಮೆಯ ಆಸುಪಾಸಿನ ದಿನ ಬೇಡ, ಬೆಳದಿಂಗಳಲ್ಲಿ ಕ್ಷೀರಪಥ ಕಾಣುವುದಿಲ್ಲ. ಮೇ ತಿಂಗಳ ಸಂಜೆ ದಕ್ಷಿಣ ದಿಗಂತದ ಹತ್ತಿರ ತ್ರಿಶಂಕು ನಕ್ಷತ್ರಪುಂಜ ಕಾಣುತ್ತದೆ. ರಾತ್ರಿ ಕೊರೆಯುವ ಚಳಿ. ಪೆಟ್ರೋಲ್ ಮೇಲೆ ಎಲ್ಲೂ ಸಿಗದು.

ಈ ಬೆಟ್ಟಕ್ಕೆ ನಮ್ಮ ಹೊಸಕೋಟೆಯ ನಂಟಿದೆ. ಇಲ್ಲಿ ಕಟ್ಟಬೇಕೆಂದಿರುವ 30 ಮೀಟರ್ ದೂರದರ್ಶಕದ ಕನ್ನಡಿ 492 ತುಂಡುಗಳದ್ದು, ಭಾರತ ಅದರ ಪಾಲುದಾರ. ಭಾರತದ ಪಾಲಿನ ತುಂಡುಗಳಿಗೆ ಹೊಳಪು ಕೊಡುವ ಘಟಕ ಇರುವುದು ಭಾರತೀಯ ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಬೆಟ್ಟ ಮೂಲನಿವಾಸಿಗಳಿಗೆ ಪವಿತ್ರ. 2015ರಲ್ಲಿ, 2019ರಲ್ಲಿ ಅವರು ರಸ್ತೆಗೆ ಅಡ್ಡ ಕೂತರು, ಕಟ್ಟಡ ಕೆಲಸ ನಿಂತಿತು. ಅಲ್ಲಿ ಈ ವಿಷಯ ಇನ್ನೂ ಬಿಸಿ, ಯಾರೊಂದಿಗಾದರೂ ಮಾತು ತೆಗೆಯುವ ಮುಂಚೆ ನೆನಪಿರಲಿ. ಗಾಡಿ ನಿಲ್ಲುವ ಜಾಗದಾಚೆಯ ತುತ್ತತುದಿಯ ದಿಬ್ಬ ಹತ್ತದಿರುವುದು ಮರ್ಯಾದೆ.

ಕಡಲಕರೆ_ಉಡುಪಿ

ಹಸಿರು ಮರಳು ಮತ್ತು ವಾಯ್‌ಪಿಯೋ ಒಂದೇ ದಿನವಾ ಮಾರಾಯ್ರೆ? ನಕ್ಷೆ ಬಿಡಿಸಿ ನೋಡಿ, ಒಂದು ದ್ವೀಪದ ದಕ್ಷಿಣ ತುದಿ, ಇನ್ನೊಂದು ಉತ್ತರ ತುದಿ.

ವಾಯ್‌ಪಿಯೋ ಕಣಿವೆಗೆ ಇಳಿಯುವ ರಸ್ತೆಯನ್ನು 2022ರ ಫೆಬ್ರುವರಿಯಿಂದ ಪ್ರವಾಸಿಗರಿಗೆ ಮುಚ್ಚಿದ್ದಾರೆ, ನಡೆದೂ ಇಳಿಯುವಂತಿಲ್ಲ. ಇಳಿಜಾರು 25%, ಪಕ್ಕದ ಗುಡ್ಡ ಸಡಿಲ. ಮೇಲಿನಿಂದ ನೋಡಿ ಬರಬಹುದು. ಅದನ್ನು ಹಿಲೋ ಕಡೆಯ ದಿನಕ್ಕೆ ಸೇರಿಸಿ: ಬೆಳಗ್ಗೆ ಹಿಲೋ ಊರೊಳಗಿನ ರೇನ್‌ಬೋ ಜಲಪಾತ (24 ಮೀಟರ್, ಉಚಿತ, ಬಿಸಿಲಿದ್ದರೆ ಬೆಳಗಿನ ಹೊತ್ತಿಗೆ ಕಾಮನಬಿಲ್ಲು), ಆಮೇಲೆ ಅಕಾಕಾ ಜಲಪಾತ (135 ಮೀಟರ್), ಮಧ್ಯಾಹ್ನಕ್ಕೆ ವಾಯ್‌ಪಿಯೋ. ಅಕಾಕಾದಲ್ಲಿ ಹೊರಗಿನವರಿಗೆ ತಲೆಗೆ 5 ಡಾಲರ್, ಕಾರಿಗೆ 10. ನಿಮಗೆ ಒಟ್ಟು 35. ಜೋಗ ನೋಡಿದವರಿಗೆ ಹಣ ಹೆಚ್ಚಾಯಿತು ಅನಿಸಬಹುದು, ಆದರೆ ಅಲ್ಲಿನ ಸುತ್ತುದಾರಿಯ ಕಾಡು ಚೆನ್ನಾಗಿದೆ.

ಹಸಿರು ಮರಳಿನ ಪಾಪಕೋಲೆಯಾ ಬಿಟ್ಟುಬಿಡಿ. ಕಾರು ನಿಲ್ಲಿಸಿದಲ್ಲಿಂದ ಒಂದು ಕಡೆಗೆ 4 ಕಿ.ಮೀ., ಮರ ಇಲ್ಲ, ನೀರಿಲ್ಲ, ಧೂಳು ಗಾಳಿ, ಕೊನೆಗೆ ಕಡಿದಾದ ಇಳಿತ. ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೋಗುವವರು ದುಡ್ಡು ಕೇಳುತ್ತಾರೆ, ಅದಕ್ಕೆ ಅಧಿಕೃತ ಅನುಮತಿ ಇಲ್ಲ; ಜಾಗ ಹವಾಯಿ ಮೂಲನಿವಾಸಿಗಳಿಗಾಗಿ ಕಾದಿರಿಸಿದ ನೆಲ, ಗಾಡಿಗಳಿಂದಲೇ ಅಲ್ಲಿನ ಮಣ್ಣು ಕೊರೆದುಹೋಗಿದೆ. ಬಣ್ಣಕ್ಕೆ ಕಾರಣ ಓಲಿವೀನ್. ಅದು ಭಾರ, ಅಲೆ ಹಗುರ ಕಣಗಳನ್ನು ಒಯ್ಯುತ್ತದೆ, ಇದು ಉಳಿಯುತ್ತದೆ.

ಬದಲಿಗೆ ಪುನಲೂ ಕಪ್ಪು ಮರಳಿನ ತೀರ, ಪಾರ್ಕಿನಿಂದ ಸುಮಾರು 45 ಕಿ.ಮೀ., ಹೆದ್ದಾರಿ 11ರ ಪಕ್ಕದಲ್ಲೇ. ವೊಲ್ಕೇನೋದಿಂದ ಕೋನಾಕ್ಕೆ ವಾಸ ಬದಲಿಸುವ ದಿನ ದಾರಿಯಲ್ಲೇ ಸಿಗುತ್ತದೆ. ಹಸಿರು ಕಡಲಾಮೆಗಳು ಮರಳ ಮೇಲೆ ಬಿಸಿಲು ಕಾಯುತ್ತಾ ಮಲಗಿರುತ್ತವೆ. ಕನಿಷ್ಠ 3 ಮೀಟರ್ ದೂರ ನಿಲ್ಲಿ, ಇನ್ನೂ ದೂರವಾದರೆ ಒಳ್ಳೆಯದೇ. ಸತ್ತಿದೆ ಅಂತ ತಿಳಿದು ನೀರು ಹಾಕಲು ಹೋಗುವವರೂ ಇದ್ದಾರೆ! ಕಪ್ಪು ಮರಳು ಅಂದರೆ ಬಿಸಿ ಲಾವಾ ಸಮುದ್ರಕ್ಕೆ ಬಿದ್ದು ಸಿಡಿದ ಚೂರು. ಹರಿವು ನಿಂತ ಮೇಲೆ ಹೊಸ ಮರಳು ಬರುವುದಿಲ್ಲ, ಇರುವುದಷ್ಟೇ. ಬಾಟಲಿಗೆ ತುಂಬಿಕೊಳ್ಳುವಂತಿಲ್ಲ.

ಈಜು, ಸ್ನಾರ್ಕೆಲಿಂಗ್ ಎಲ್ಲ ಕೋನಾ ಕಡೆ, ಬೆಳಗ್ಗೆ 10ರೊಳಗೆ. ಮಧ್ಯಾಹ್ನ ಗಾಳಿ ಎದ್ದು ನೀರು ಕಲಕುತ್ತದೆ. ಹೋನೌನೌದ ಟು ಸ್ಟೆಪ್‌ನಲ್ಲಿ ಲಾವಾ ಬಂಡೆಯೇ ಎರಡು ಮೆಟ್ಟಿಲಾಗಿದೆ: ಬಂಡೆಯ ಅಂಚಿನಲ್ಲಿ ಕೂತು ರೆಕ್ಕೆಗಾಲು ಹಾಕಿಕೊಂಡು, ಅಲೆ ಮೇಲೆ ಬಂದಾಗ ಜಾರಿ ಇಳಿಯುವುದು, ಹತ್ತುವಾಗಲೂ ಅಲೆ ಎತ್ತುವವರೆಗೆ ಕಾಯಬೇಕು, ಅವಸರ ಮಾಡಿದರೆ ಮೊಣಕಾಲು ಬಂಡೆಗೆ ಉಜ್ಜಿ ಕಡಲಮುಳ್ಳಿ ಚುಚ್ಚುತ್ತದೆ. ಮಗುವಿಗೆ ಇದು ಬೇಡ. ಹಾಪುನಾದ ಬಿಳಿ ಮರಳು ಇಳಿಜಾರಾಗಿ ಇಳಿಯುತ್ತದೆ, ದೊಡ್ಡ ಅಲೆ ಇಲ್ಲದ ದಿನ ಅಲ್ಲಿ ಕರೆದೊಯ್ಯಿ. ಶುಲ್ಕ ಅಕಾಕಾದ್ದೇ. ಆಕ್ಸಿಬೆಂಝೋನ್, ಆಕ್ಟಿನೋಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟ ಅಲ್ಲಿ 2021ರಿಂದ ನಿಷೇಧ. ಝಿಂಕ್ ಆಕ್ಸೈಡಿನದ್ದು ಒಯ್ಯಿರಿ. ಕಡಲಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲುವುದು ಎಲ್ಲಿಯೂ ಬೇಡ.

ಕಪ್ಪುಕಲ್ಲು

ಉಡುಪಿಯವರು ಬಂದಿದ್ದಾರೆ ಅಂದಮೇಲೆ ಮಗುವಿಗೊಂದು ಮನೆಗೆಲಸ: ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಜ್ವಾಲಾಮುಖಿಯವೇ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಅದರ ಫೋಟೋ ಒಯ್ದು ಕಿಲಾವೆಯಾ ಇಕಿಯ ಬಿರುಕುಗಳ ಪಕ್ಕ ಇಟ್ಟು ನೋಡಲಿ. ಲಾವಾ ತಣಿದು ಕುಗ್ಗಿ ಬಿರಿಯುವುದು ಹೇಗೆ ಅಂತ ಗೊತ್ತಾಗುತ್ತದೆ.

ಅಡಿಗೆಮನೆ_ಅಕ್ಕ

ಊಟದ ವಿಷಯ. ವೊಲ್ಕೇನೋ ಹಳ್ಳಿಯಲ್ಲಿ ಹೋಟೆಲು ಬೆರಳೆಣಿಕೆ, ಬೇಗ ಮುಚ್ಚುತ್ತವೆ. ಅಡಿಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಅಕ್ಕಿ, ಮೊಸರು, ತರಕಾರಿ ಹಿಲೋದ ಕೆಟಿಎ ಅಂಗಡಿಯಲ್ಲಿ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಿ. ಹಸಿ ಕರಿಬೇವು ಮಾತ್ರ ಊರಿಂದ ತರಿಸಬೇಡಿ, ಅಮೆರಿಕದ ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ.

ಹೊರಗೆ ತಿನ್ನುವಾಗ: ಸೈಮಿನ್ ಶಾವಿಗೆಯಲ್ಲಿ ತರಕಾರಿ ಮಾತ್ರ ಕಂಡರೂ ಅದರ ತಿಳಿಸಾರು ಮೀನು, ಸಿಗಡಿಯದು. ಮುಸುಬಿ ಅಂದರೆ ಅನ್ನದ ಮೇಲೆ ಹೆಚ್ಚಾಗಿ ಸ್ಪ್ಯಾಮ್, ಅಂದರೆ ಡಬ್ಬಿಯ ಹಂದಿಮಾಂಸ. ಮಲಸಾಡಾ ಬನ್ನಿನಲ್ಲಿ ಮೊಟ್ಟೆ ಇದೆ. ಪೋಯಿ ಪೂರ್ತಿ ಸಸ್ಯಾಹಾರ: ಕೆಸುವಿನ ಗಡ್ಡೆ ಬೇಯಿಸಿ ಅರೆದು ನೀರು ಬೆರೆಸಿದ್ದು, ಒಂದೆರಡು ದಿನ ಇಟ್ಟರೆ ಹುಳಿ ಬರುತ್ತದೆ. ಉಲು ಅಂತ ಕಂಡರೆ ಬಿಡಬೇಡಿ, ನಮ್ಮ ಜೀಗುಜ್ಜೆ. ಪೋಡಿ ಮಾಡಿದರೆ ಕರಾವಳಿಯವರಿಗೆ ವ್ಯತ್ಯಾಸವೇ ತಿಳಿಯದು. ಹಿಲೋ ರೈತರ ಸಂತೆ ಬುಧವಾರ, ಶನಿವಾರ ದೊಡ್ಡದು.

ಕಾಫಿತೋಟ_ಬಾಳೆಹೊನ್ನೂರು

ಕೋನಾ ಕಾಫಿ ಕೊಳ್ಳುವಾಗ ಚೀಟಿ ಓದಿ. "ಕೋನಾ ಬ್ಲೆಂಡ್ 10%" ಅಂದರೆ ಉಳಿದ 90% ಬೇರೆ ಎಲ್ಲಿಯದೋ. "100% ಕೋನಾ" ಅಂತ ಇರಬೇಕು, ಹುರಿದ ದಿನಾಂಕ ಇರಬೇಕು. ತೋಟ ನೋಡುವುದಾದರೆ ಹೋಲುಅಲೋವಾದಿಂದ ಕ್ಯಾಪ್ಟನ್ ಕುಕ್‌ವರೆಗಿನ ಇಳಿಜಾರು ರಸ್ತೆ. ನಮ್ಮಲ್ಲಿಯ ಹಾಗೆ ಸಿಲ್ವರ್ ಓಕ್, ಮೆಣಸಿನ ಬಳ್ಳಿ ಹುಡುಕಬೇಡಿ. ಅಲ್ಲಿ ಮಧ್ಯಾಹ್ನ ಬೆಟ್ಟಕ್ಕೆ ಕವಿಯುವ ಮೋಡವೇ ನೆರಳು. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ನೀರು ಬಸಿಯುವ ಲಾವಾ ಮಣ್ಣು, ಹೆಚ್ಚಾಗಿ ಟಿಪಿಕಾ ತಳಿಯ ಅರೇಬಿಕಾ. ಹಣ್ಣು ಕೊಯ್ಯುವ ಕಾಲ ಆಗಸ್ಟಿನ ಆಸುಪಾಸಿನಲ್ಲಿ ಶುರುವಾಗುತ್ತದೆ, ಮೇನಲ್ಲಿ ಕಾಯಿ ಹಸಿರೇ. ನಿಮ್ಮ ತೋಟದ ಶೂ ಹಾಕಿಕೊಂಡು ಹೋಗಬೇಡಿ, ಕಾಯಿಕೊರಕ, ತುಕ್ಕುರೋಗದ ಭಯ ಅವರಿಗೂ ಇದೆ.

ಹಿಲೋ_ಮಳೆ

ಶೂ ಅಂದದ್ದಕ್ಕೆ ಸೇರಿಸುತ್ತೇನೆ: ಓಹಿಯಾ ಮರಗಳಿಗೆ ಶಿಲೀಂಧ್ರ ರೋಗ ಬಂದು ಸಾಯುತ್ತಿವೆ, ಮಣ್ಣಿನ ಜೊತೆ ಹರಡುತ್ತದೆ. ಕಾಲುದಾರಿಗಳ ಬಾಯಲ್ಲಿ ಬ್ರಷ್, ಸ್ಪಿರಿಟ್ ಇಟ್ಟಿರುತ್ತಾರೆ. ಮೊದಲು ಬ್ರಷ್‌ನಿಂದ ಮಣ್ಣು ಪೂರ್ತಿ ತೆಗೆದು, ಆಮೇಲೆ ಸ್ಪಿರಿಟ್ ಸಿಂಪಡಿಸಿ. ಮಣ್ಣಿನ ಮೇಲೇ ಸಿಂಪಡಿಸಿದರೆ ಪ್ರಯೋಜನವಿಲ್ಲ.

ನಮ್ಮವರಿಗೆ ಇನ್ನೊಂದು ಕಿವಿಮಾತು. ಪೆಲೆ ದೇವಿಯ ಜಾಗ ಅಂತ ಕುಳಿಯ ಅಂಚಿನಲ್ಲಿ ತೆಂಗಿನಕಾಯಿ ಒಡೆಯುವುದು, ಊದುಬತ್ತಿ ಹಚ್ಚುವುದು, ನಾಣ್ಯ ಎಸೆಯುವುದು ಬೇಡ. ತಿನ್ನುವ ಪದಾರ್ಥಕ್ಕೆ ಇಲಿ ಬರುತ್ತವೆ, ನೇನೇ ಹೆಬ್ಬಾತುಗಳು ರಸ್ತೆಗೆ ಬಂದು ಕಾರಿಗೆ ಸಿಕ್ಕುತ್ತವೆ. ಕೈಮುಗಿದರೆ ಸಾಕು. ಕಲ್ಲು ಎತ್ತಿಕೊಂಡು ಬರುವುದೂ ಬೇಡ.

ತುಂಗಾತೀರ

ತಿದ್ದಿದ ಯೋಜನೆ: ಹಿಲೋದಲ್ಲಿ ಇಳಿದು ಸಾಮಾನು ಖರೀದಿ, ವೊಲ್ಕೇನೋ ಹಳ್ಳಿಯಲ್ಲಿ 3 ರಾತ್ರಿ. 2ನೇ ದಿನ ಬೆಳಗ್ಗೆ ಕಿಲಾವೆಯಾ ಇಕಿ (ಹಿರಿಯರು ಮನೆಯಲ್ಲಿ ವಿಶ್ರಾಂತಿ), ಸಂಜೆ ಉಏಕಹುನಾ. 3ನೇ ದಿನ ಜಲಪಾತಗಳು, ವಾಯ್‌ಪಿಯೋ. ಚಿಲುಮೆಯ ಅಂದಾಜು ನೋಡಿ 2, 3ನೇ ದಿನ ಅದಲುಬದಲು. 4ನೇ ದಿನ ಚೇನ್ ಆಫ್ ಕ್ರೇಟರ್ಸ್, ಪುನಲೂ, ಕೋನಾ. 5ನೇ ದಿನ ಬೆಳಗ್ಗೆ ಕಡಲು, ಸಂಜೆ ಮೌನಾ ಕೆಯಾ ಸಂದರ್ಶಕರ ಕೇಂದ್ರ. 6ನೇ ದಿನ ಕಾಫಿ ತೋಟ, ಹಾಪುನಾ. ಚಿಲುಮೆ ನಾವು ಕೋನಾಕ್ಕೆ ಹೋದಮೇಲೆ ಶುರುವಾದರೆ?

ಕಪ್ಪುಕಲ್ಲು

ಆಗ ದ್ವೀಪದ ನಡುವೆ ಹಾಯುವ ಸ್ಯಾಡಲ್ ರಸ್ತೆ ಹಿಡಿದು ಹಿಲೋ ಮೇಲೆ ಬನ್ನಿ. ಕೋನಾದಿಂದ ಹಿಲೋಗೆ ಒಂದೂಮುಕ್ಕಾಲು ಗಂಟೆ, ಅಲ್ಲಿಂದ ಪಾರ್ಕಿಗೆ ಮುಕ್ಕಾಲು. ದೂರದಲ್ಲಿ ಹೆದ್ದಾರಿ 11ಕ್ಕಿಂತ ಲಾಭವಿಲ್ಲ, ಆದರೆ ಅಗಲ ರಸ್ತೆ, ತಿರುವು ಕಡಿಮೆ. ನಡುವೆ 2,000 ಮೀಟರ್ ಎತ್ತರದಲ್ಲಿ ದಟ್ಟ ಮಂಜು ಇರುತ್ತದೆ, ಹೈಬೀಮ್ ಹಾಕಬೇಡಿ. 2022ರ ನವೆಂಬರಿನಲ್ಲಿ ಸ್ಫೋಟಿಸಿದ ಮೌನಾ ಲೋವಾ ಜ್ವಾಲಾಮುಖಿಯ ಲಾವಾ ಈ ರಸ್ತೆಗೆ 3 ಕಿ.ಮೀ. ಒಳಗೆ ಬಂದು ನಿಂತಿತ್ತು, ಹಗಲಾದರೆ ಆ ಕಪ್ಪು ಹರಿವು ಕಾಣುತ್ತದೆ. ಹಿರಿಯರನ್ನು ಆ ರಾತ್ರಿ ಕರೆತರಬೇಡಿ, ಡಾಕ್ಟರಮ್ಮ ಹೇಳಿದ್ದು ನೆನಪಿದೆಯಲ್ಲ.

ತುಂಗಾತೀರ

ಸರಿ ಸರ್. ಕೊನೆಯದಾಗಿ, ವಾಪಸ್ ಬರುವಾಗ ಹಣ್ಣು ತರಬಹುದೇ?

ಅಡಿಗೆಮನೆ_ಅಕ್ಕ

ಕೋನಾ ವಿಮಾನ ನಿಲ್ದಾಣದಲ್ಲಿ ಲಗೇಜ್ ಕೊಡುವ ಮುಂಚೆಯೇ ಕೃಷಿ ಇಲಾಖೆಯ ಎಕ್ಸ್‌ರೇ ಇದೆ, ಎಲ್ಲ ಚೀಲಗಳೂ ಅಲ್ಲಿ ಹಾಯಬೇಕು. ಅನಾನಸು, ತೆಂಗಿನಕಾಯಿ, ಹುರಿದ ಕಾಫಿ, ಮಕಾಡಮಿಯಾ ಬೀಜ ಬಿಡುತ್ತಾರೆ. ಸಂತೆಯ ಪಪ್ಪಾಯ, ಮಾವು, ಕಾಫಿಯ ಹಸಿ ಹಣ್ಣು ಬಿಡುವುದಿಲ್ಲ. ಸಂತೆಯಲ್ಲಿ ಕೊಂಡದ್ದನ್ನು ಅಲ್ಲೇ ತಿಂದು ಮುಗಿಸಿ.